ದಕ್ಷಿಣಧ್ರುವಕ್ಕೆ ಹಿಮ ಬಂದ ಬಗೆ

‘ಧ್ರುವ’ ಎಂಬ ಶಬ್ದಕ್ಕೆ ಅಲುಗದ್ದು, ಸ್ಥಿರವಾದದ್ದು ಎಂದು ಅರ್ಥ. ಮಲತಾಯಿಯ ಮಾತಿಗೆ ನೊಂದು ತಪಸ್ಸಿಗೆ ಹೋದ ಬಾಲಕನಿಗೆ ಆಕಾಶದಲ್ಲಿ ಕದಲದ ಪದವಿ ದೊರೆಯಿತೆಂಬ ಕಥೆಯನ್ನು ಮನೆಯ ಚಿಕ್ಕ ಮಕ್ಕಳೂ ಬಲ್ಲರು. ಭೂಮಿಯ ಎರಡು ತುದಿಗಳಿಗೂ ಆ ಹೆಸರೇ ನಿಂತಿದೆ. ಹೆಸರೇನೋ ಉಚಿತವೇ, ಬುಗುರಿ ಎಷ್ಟು ತಿರುಗಿದರೂ ಅದರ ಮೊಳೆಯ ತುದಿ ಒಂದೆಡೆ ನಿಂತಂತೆ ಕಾಣುವುದಷ್ಟೆ. ಆದರೆ ಆ ತುದಿಗಳ ಹವೆಯೂ ಹಾಗೆಯೇ ಅಚಲವಾದದ್ದು, ಸೃಷ್ಟಿಯ ಮೊದಲಿನಿಂದಲೂ ಅಲ್ಲಿ ಹಿಮವೇ ಇತ್ತು ಎಂದು ನಮ್ಮಲ್ಲಿ ಬಹುಮಂದಿ ತಿಳಿದಿರುತ್ತೇವೆ. ನಾನೂ ಬಹುಕಾಲ ಹಾಗೆಯೇ ತಿಳಿದಿದ್ದೆ.

ಒಂದು ದಿನ ಒಂಬತ್ತನೆಯ ತರಗತಿಯಲ್ಲಿ ಈ ಶಬ್ದದ ಅರ್ಥವನ್ನೇ ಹೇಳುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತು, “ಸಾರ್, ದಕ್ಷಿಣಧ್ರುವದ ಹತ್ತಿರ ಕಲ್ಲಿದ್ದಲು ಸಿಕ್ಕಿದೆಯಂತೆ. ಮರಗಳೇ ಇಲ್ಲದ ಕಡೆ ಕಲ್ಲಿದ್ದಲು ಹೇಗೆ ಬಂತು?” ಎಂದು ಕೇಳಿದ. ಕನ್ನಡ ಪಂಡಿತನಿಗೆ ಹಾಕತಕ್ಕ ಪ್ರಶ್ನೆ ಅದಲ್ಲವೆಂದು ಹೇಳಿಬಿಡಬಹುದಾಗಿತ್ತು. “ನಾಳೆ ಹೇಳುತ್ತೇನೆ, ಕುಳಿತುಕೊ” ಎಂದೆ. ಆ ನಾಳೆ ಬರುವುದಕ್ಕೆ ಕೆಲವು ತಿಂಗಳುಗಳೇ ಹಿಡಿದುವು. ಅಷ್ಟರಲ್ಲಿ ಓದಿ ತಿಳಿದುಕೊಂಡದ್ದನ್ನು ಇಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಆ ಖಂಡದ ಈಗಿನ ಸ್ಥಿತಿಯನ್ನು ನೋಡೋಣ. ಅಂಟಾರ್ಕ್ಟಿಕ ಖಂಡದ ವಿಸ್ತೀರ್ಣ ಸುಮಾರು ೧ ಕೋಟಿ ೪೦ ಲಕ್ಷ ಚದರ ಕಿಲೋಮೀಟರು. ನಮ್ಮ ದೇಶದ ನಾಲ್ಕು ಪಟ್ಟಿಗೂ ಮಿಗಿಲು. ಅಷ್ಟು ನೆಲದ ಮೇಲೆಯೂ, ಅಲ್ಲೊಂದು ಇಲ್ಲೊಂದು ಕಡೆ ಬಿಟ್ಟರೆ, ಹಿಮದ ಹೊದಿಕೆ ಹರಡಿದೆ. ಆ ಹೊದಿಕೆಯ ದಪ್ಪ ಸರಾಸರಿ ಎರಡು ಕಿಲೋಮೀಟರು. ಕೆಲವೆಡೆ ನಾಲ್ಕೂವರೆ ಕಿಲೋಮೀಟರಿಗೂ ಹೆಚ್ಚು. ಅಲ್ಲಿನ ವಾಸ್ತೋಕ್ ಎಂಬ ಠಾಣೆಯಲ್ಲಿ ೧೯೮೩ನೆಯ ಇಸವಿ ಜುಲೈ ೨೧ರಂದು ಉಷ್ಣತೆ ಸೊನ್ನೆಗಿಂತ ೮೯.೨ ಡಿಗ್ರಿ ಸೆಂಟಿಗ್ರೇಡ್ ಕೆಳಗಿಳಿದಿತ್ತು. ಆ ಹಿಮವೆಲ್ಲ ಒಮ್ಮೆ ಕರಗಿದರೆ ಜಗತ್ತಿನ ಸಮುದ್ರಗಳ ಮಟ್ಟ ಸುಮಾರು ೫೮ ಮೀಟರು ಏರುವುದೆಂದು ತಜ್ಞರ ಲೆಕ್ಕ. ಇಂಥ ನೆಲದಲ್ಲಿ ಮರವಿತ್ತೆಂದರೆ ಯಾರು ನಂಬಬೇಕು?

ನಂಬುವುದಕ್ಕೆ ಸಾಕ್ಷಿಯನ್ನು ಒದಗಿಸಿದವರಲ್ಲಿ ಪ್ರಾಣವನ್ನೇ ತೆತ್ತವರು ಕೆಲವರುಂಟು. ಇಂಗ್ಲಿಷ್ ನೌಕಾಧಿಕಾರಿ ರಾಬರ್ಟ್ ಸ್ಕಾಟ್ ನಾಲ್ವರು ಸಂಗಡಿಗರೊಡನೆ ೧೯೧೨ನೆಯ ಇಸವಿ ಜನವರಿ ೧೭ರಂದು ದಕ್ಷಿಣಧ್ರುವವನ್ನು ಮುಟ್ಟಿದ. ನಾರ್ವೆಯ ಅಮುಂಡ್ಸೆನ್ ಐದು ವಾರ ಮೊದಲೇ ಅಲ್ಲಿಗೆ ಬಂದು ಹೋಗಿದ್ದ. ಸೋತ ಮನಸ್ಸಿನಿಂದ, ಹಸಿದ ಹೊಟ್ಟೆಯಿಂದ, ಜಾರುಬಂಡಿಯನ್ನು ತಾವೇ ಎಳೆಯುತ್ತ ಐವರೂ ಹಿಂದಿರುಗಿದರು. ಫೆಬ್ರವರಿ ೮ರಂದು ಬಿಯರ್ಡ್‌ಮೋರ್ ಹಿಮನದಿಯ ಮಗ್ಗುಲಲ್ಲಿ ಹಿಮ ಮುಚ್ಚದ ಕಲ್ಲಿನ ಬೆಟ್ಟವೊಂದು ಎದುರಾಯಿತು. ತಂಡದ ವೈದ್ಯನಾಗಿದ್ದ ಎಡ್ವರ್ಡ್ ವಿಲ್ಸನ್ ಪ್ರಕೃತಿಶಾಸ್ತ್ರದಲ್ಲಿಯೂ ನುರಿತವನು. ಅಲ್ಲಿ ಕಲ್ಲಿದ್ದಲಿನ ಪದರಗಳೂ ಎಲೆಯ ಅಚ್ಚು ಬಿದ್ದ ಕಲ್ಲುಗಳೂ ಆತನಿಗೆ ಕಂಡುವು. ಅವರು ಸಂಗ್ರಹಿಸಿದ ಕಲ್ಲುಗಳ ತೂಕ ಸುಮಾರು ೧೬ ಕಿಲೋಗ್ರಾಂ.

ಮುಂದೆ ಒಬ್ಬೊಬ್ಬರಾಗಿ ಐವರೂ ಮಡಿದರು. ಕೊನೆಯ ಮೂವರು, ಆಹಾರ ಕೂಡಿಟ್ಟಿದ್ದ ಸ್ಥಳಕ್ಕೆ ಇನ್ನು ೧೮ ಕಿಲೋಮೀಟರು ಇದೆ ಎನ್ನುವಾಗ, ಬಿರುಗಾಳಿಗೆ ಸಿಕ್ಕಿ ಡೇರೆಯೊಳಗೇ ಸತ್ತರು. ಅದೇ ವರ್ಷ ನವೆಂಬರು ೧೨ರಂದು ಹುಡುಕಿಕೊಂಡು ಹೋದವರಿಗೆ ಡೇರೆ ಕಂಡಿತು; ಜಾರುಬಂಡಿಯ ಮೇಲೆ ಆ ಕಲ್ಲುಗಳೂ ಹಾಗೆಯೇ ಇದ್ದುವು. ಒಂದು ಹಿಡಿ ಭಾರ ಕಡಿಮೆಯಾದರೂ ಸಾಕೆನಿಸುವ ಹೊತ್ತಿನಲ್ಲಿಯೂ ಅವರು ಅವನ್ನು ಬಿಸಾಡಲಿಲ್ಲ. ಇದನ್ನು ಓದಿದಂದು ಪುಸ್ತಕವನ್ನು ಮುಚ್ಚಿ ಸ್ವಲ್ಪಹೊತ್ತು ಸುಮ್ಮನೆ ಕುಳಿತಿದ್ದೆ.

ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಸಸ್ಯಶಾಸ್ತ್ರಜ್ಞ ಆಲ್ಬರ್ಟ್ ಸೂವರ್ಡ್ ಆ ಕಲ್ಲುಗಳನ್ನು ಪರೀಕ್ಷಿಸಿ ೧೯೧೪ರಲ್ಲಿ ವರದಿ ಬರೆದರು. ಎಲೆಯ ಅಚ್ಚು ಗ್ಲಾಸೊಪ್ಟೆರಿಸ್ ಎಂಬ ಅಳಿದುಹೋದ ಮರಜಾತಿಯದು. ಸುಮಾರು ಇಪ್ಪತ್ತೈದು ಕೋಟಿ ವರ್ಷಗಳಷ್ಟು ಹಳೆಯದು. ಗ್ರೀಕ್ ಭಾಷೆಯ ಆ ಹೆಸರನ್ನು ನಾವು ಜಿಹ್ವಾಪರ್ಣಿ ಎಂದು ಕರೆಯಬಹುದು, ಎಲೆ ನಾಲಗೆಯ ಆಕಾರದ್ದಾದುದರಿಂದ. ಸ್ವಾರಸ್ಯವೇನೆಂದರೆ ಇದೇ ಎಲೆ ನಮ್ಮ ಬಂಗಾಳದ ರಾಣಿಗಂಜಿನ ಕಲ್ಲಿದ್ದಲ ಗಣಿಗಳಲ್ಲಿ ಧಾರಾಳವಾಗಿ ಸಿಕ್ಕುತ್ತದೆ. ಆಫ್ರಿಕ, ಆಸ್ಟ್ರೇಲಿಯ, ದಕ್ಷಿಣ ಅಮೆರಿಕಗಳಲ್ಲಿಯೂ ಸಿಕ್ಕುತ್ತದೆ. ನಮ್ಮ ದೇಶದ ಈ ಶಿಲಾಸ್ತರಗಳಿಗೆ ಭಾರತೀಯ ಭೂವಿಜ್ಞಾನ ಸರ್ವೇಕ್ಷಣೆಯ ಮೆಡ್ಲಿಕಾಟ್ ೧೮೭೨ರಲ್ಲಿ ‘ಗೊಂಡ್ವಾನ’ ಎಂದು ಹೆಸರಿಟ್ಟಿದ್ದ. ಗೊಂಡರೆಂಬ ಜನರ ವನ, ಗೊಂಡವನ. ಆಮೇಲೆ ವಿಯೆನ್ನಾದ ಎಡ್ವರ್ಡ್ ಸೂಸ್ ಎಂಬ ಪಂಡಿತ ಈ ಹೆಸರನ್ನೇ ಒಂದು ಪ್ರಾಚೀನ ಮಹಾಖಂಡಕ್ಕೆ ಕೊಟ್ಟ. ಮಧ್ಯಭಾರತದ ಕಾಡುಜನರ ಹೆಸರು ಹೀಗೆ ದಕ್ಷಿಣಧ್ರುವದವರೆಗೂ ಹಬ್ಬಿತು.

ಸ್ಕಾಟನ ತಂಡ ಹಿಮದಲ್ಲಿ ನಡೆಯುತ್ತಿದ್ದ ಅದೇ ೧೯೧೨ರ ಜನವರಿಯಲ್ಲಿ, ಜರ್ಮನಿಯ ಆಲ್ಫ್ರೆಡ್ ವೇಗೆನರ್ ಒಂದು ಉಪನ್ಯಾಸ ಮಾಡಿ, ಖಂಡಗಳು ಒಂದು ಕಾಲಕ್ಕೆ ಕೂಡಿಕೊಂಡಿದ್ದು ಅನಂತರ ದೂರ ಸರಿದುವೆಂದು ಹೇಳಿದ. ಆಗ ನಕ್ಕವರೇ ಹೆಚ್ಚು. ಇಂದು ಅದು ಶಾಲೆಯ ಪಾಠ. ನಮ್ಮ ಪೂರ್ವ ಕರಾವಳಿಗೆ ಅಂಟಾರ್ಕ್ಟಿಕ ಖಂಡವು ಒಂದು ಕಾಲಕ್ಕೆ ಅಂಟಿಕೊಂಡಿತ್ತೆಂಬುದರಲ್ಲಿ ಈಗ ಸಂದೇಹವಿಲ್ಲ.

ಇಷ್ಟಕ್ಕೆ ಹುಡುಗನ ಪ್ರಶ್ನೆ ತೀರಿತೆಂದು ನಿಮಗೆ ತೋರಬಹುದು. ಖಂಡವು ಹಿಂದೆ ಬೆಚ್ಚನೆಯ ಕಡೆ ಇತ್ತು, ಆಮೇಲೆ ಧ್ರುವಕ್ಕೆ ಸರಿದು ಹೆಪ್ಪುಗಟ್ಟಿತು, ಮುಗಿಯಿತಲ್ಲ! ನಾನೂ ಮೊದಲು ಹೀಗೆಯೇ ಸಮಾಧಾನ ಹೇಳಿಕೊಂಡೆ. ಆದರೆ ಈ ಉತ್ತರ ನಿಲ್ಲುವುದಿಲ್ಲ. ಅಂಟಾರ್ಕ್ಟಿಕ ಖಂಡವು ಹತ್ತಿರ ಹತ್ತಿರ ಹತ್ತು ಕೋಟಿ ವರ್ಷಗಳಿಂದ ಧ್ರುವದ ಆಸುಪಾಸಿನಲ್ಲಿಯೇ ಇದೆ. ಹಿಮದ ಮಹಾಹೊದಿಕೆ ಬಿದ್ದದ್ದಾದರೋ ಸುಮಾರು ೩ ಕೋಟಿ ೪೦ ಲಕ್ಷ ವರ್ಷಗಳ ಹಿಂದೆ. ಮಧ್ಯದ ಆರು ಕೋಟಿಗೂ ಮಿಕ್ಕ ವರ್ಷ ಅಲ್ಲಿ ಏನಿತ್ತು?

ಕಾಡಿತ್ತು. ೨೦೧೭ರಲ್ಲಿ ಪೋಲಾರ್‌ಸ್ಟರ್ನ್ ಎಂಬ ಜರ್ಮನ್ ಹಡಗು ಪಶ್ಚಿಮ ಅಂಟಾರ್ಕ್ಟಿಕದ ಅಮುಂಡ್ಸೆನ್ ಸಮುದ್ರದ ತಳವನ್ನು ಕೊರೆದು ಮಣ್ಣನ್ನು ಮೇಲೆತ್ತಿತು. ಆ ಮಣ್ಣಿನಲ್ಲಿ ಬೇರುಗಳು ಹೆಣೆದುಕೊಂಡಿದ್ದುವು, ಪರಾಗವೂ ಇತ್ತು. ೨೦೨೦ರಲ್ಲಿ ಪ್ರಕಟವಾದ ವರದಿಯಂತೆ ಅದು ಸುಮಾರು ಒಂಬತ್ತು ಕೋಟಿ ವರ್ಷಗಳ ಹಿಂದಿನ ಮಳೆಕಾಡು. ಆಗ ಆ ಸ್ಥಳವಿದ್ದದ್ದು ದಕ್ಷಿಣ ಅಕ್ಷಾಂಶ ೮೨ ಡಿಗ್ರಿಯಲ್ಲಿ. ವರ್ಷಕ್ಕೆ ನಾಲ್ಕು ತಿಂಗಳು ಸೂರ್ಯನೇ ಕಾಣದ ಎಡೆ. ಆದರೂ ವರ್ಷದ ಸರಾಸರಿ ಉಷ್ಣತೆ ೧೨ ಡಿಗ್ರಿಯ ಮೇಲಿತ್ತು. ಇನ್ನೊಂದು ಕಡೆ, ಖಂಡದ ಪೂರ್ವ ಅಂಚಿನ ವಿಲ್ಕ್ಸ್ ಲ್ಯಾಂಡ್ ತೀರದಾಚೆ, ೨೦೧೦ರಲ್ಲಿ ಕೊರೆದ ಹೂಳಿನಲ್ಲಿ ತಾಳೆಯ ಜಾತಿಯ ಮರಗಳ ಪರಾಗ ದೊರೆಯಿತು. ಅದು ಐದು ಕೋಟಿ ವರ್ಷಗಳಿಗೂ ಹಿಂದಿನದು. ೧೯೮೨ರಲ್ಲಿ ಸೀಮೋರ್ ದ್ವೀಪದಲ್ಲಿ, ಕಾಂಗರೂವಿನಂತೆ ಮರಿಯನ್ನು ಚೀಲದಲ್ಲಿ ಸಾಕುವ ಗುಂಪಿಗೆ ಸೇರಿದ ಚಿಕ್ಕ ಪ್ರಾಣಿಯ ಪಳೆಯುಳಿಕೆಯೂ ಸಿಕ್ಕಿತ್ತು. ಅದೇ ಧ್ರುವ, ಅದೇ ದೀರ್ಘರಾತ್ರಿ. ಆದರೂ ಕಾಡು, ತಾಳೆ, ಮೃಗ. ಹಾಗಾದರೆ ಅಲ್ಲಿಗೆ ಶಾಖ ಎಲ್ಲಿಂದ ಬರುತ್ತಿತ್ತು? ಅದು ನಿಂತದ್ದೇಕೆ?

ಈ ಪ್ರಶ್ನೆಗೆ ಉತ್ತರದ ಮೊದಲ ಎಳೆಯನ್ನು ಹಿಡಿದವನು ಒಬ್ಬ ಜವಾನ. ಸ್ಕಾಟ್ಲೆಂಡಿನ ಜೇಮ್ಸ್ ಕ್ರಾಲ್ ಬಡವರ ಮನೆಯಲ್ಲಿ ಹುಟ್ಟಿ ಹದಿಮೂರನೆಯ ವಯಸ್ಸಿಗೆ ಶಾಲೆ ಬಿಟ್ಟವನು. ಗಿರಣಿಯಂತ್ರಗಳ ಕೆಲಸ, ಚಹಾ ಅಂಗಡಿ, ಹೋಟೆಲು, ವಿಮೆಯ ಏಜೆಂಟಗಿರಿ ಎಲ್ಲವನ್ನೂ ಮಾಡಿದ, ಯಾವುದೂ ಕೈಹತ್ತಲಿಲ್ಲ. ೧೮೫೯ರಲ್ಲಿ ಗ್ಲಾಸ್ಗೋ ನಗರದ ಕಾಲೇಜೊಂದರಲ್ಲಿ ಜವಾನನಾಗಿ ಸೇರಿಕೊಂಡ. ಸಂಬಳ ಕಡಿಮೆ, ಆದರೆ ಅಲ್ಲಿ ಒಳ್ಳೆಯ ಪುಸ್ತಕಭಂಡಾರವಿತ್ತು. ಕೆಲಸ ಮುಗಿಸಿ ಆತ ಅಲ್ಲಿ ಕುಳಿತು ಓದಿದ. ೧೮೬೪ರಲ್ಲಿ ಆತ ಪ್ರಕಟಿಸಿದ ಲೇಖನವನ್ನು ಕಂಡು ದೊಡ್ಡ ದೊಡ್ಡ ವಿದ್ವಾಂಸರು ಬೆರಗಾದರು. ೧೮೭೬ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ಬಂತು.

ಕ್ರಾಲನ ವಾದದ ಒಂದು ಮುಖ್ಯ ಅಂಶ ಇದು: ಸಮಭಾಜಕದ ಬಿಸಿಲನ್ನು ಧ್ರುವಗಳ ಕಡೆಗೆ ಹೊತ್ತೊಯ್ಯುವುದರಲ್ಲಿ ಸಮುದ್ರಪ್ರವಾಹಗಳ ಪಾಲು ಬಹು ದೊಡ್ಡದು, ಆ ಪ್ರವಾಹಗಳನ್ನು ನಡೆಸುವುದು ಗಾಳಿ, ಪ್ರವಾಹದ ದಾರಿ ತಪ್ಪಿದರೆ ದೇಶದ ಹವೆಯೇ ತಪ್ಪುತ್ತದೆ. ನಮ್ಮ ಬಚ್ಚಲಮನೆಯ ಹಂಡೆಯನ್ನು ನೋಡಿದವರಿಗೆ ಇದರ ತತ್ತ್ವ ಕಷ್ಟವಲ್ಲ. ನೀರು ಬೇಗ ಕಾಯದು, ಕಾದದ್ದು ಬೇಗ ಆರದು. ಬೆಳಗಿನ ಜಾವ ಹಾಕಿದ ಬೆಂಕಿ ಆರಿಹೋದರೂ ಹತ್ತು ಗಂಟೆಗೆ ನೀರು ಬೆಚ್ಚಗಿರುತ್ತದೆ. ಸಮುದ್ರವು ಅಂಥದೊಂದು ಹಂಡೆ. ಆದರೆ ನಿಂತ ಹಂಡೆಯಲ್ಲ, ಹರಿಯುವ ಹಂಡೆ. ಕ್ರಾಲನ ಲೆಕ್ಕದಲ್ಲಿ ತಪ್ಪುಗಳಿದ್ದುವು, ಆತ ಹೇಳಿದ ಹಿಮಯುಗದ ಕಾಲಗಳು ಮುಂದೆ ಸರಿಬರಲಿಲ್ಲ. ೧೮೯೦ರಲ್ಲಿ ಆತ ತೀರಿಕೊಂಡ ಮೇಲೆ ಲೋಕ ಆತನನ್ನು ಬಹುಮಟ್ಟಿಗೆ ಮರೆಯಿತು. ಆದರೆ ಹಿಡಿದುಕೊಟ್ಟ ಎಳೆ ಮಾತ್ರ ತುಂಡಾಗಲಿಲ್ಲ.

ಮನೆಯಲ್ಲಿ ಮಕ್ಕಳ ಭೂಪಟವಿದ್ದರೆ ಈಗ ಅದನ್ನು ತೆರೆದುನೋಡಿ. ಅಂಟಾರ್ಕ್ಟಿಕ ಖಂಡದ ಸುತ್ತಲೂ ಸಮುದ್ರವೇ. ಬೆರಳಿಟ್ಟು ಒಂದು ಸುತ್ತು ಬಂದರೂ ನೆಲ ಅಡ್ಡಬರುವುದಿಲ್ಲ. ಐದು ಕೋಟಿ ವರ್ಷಗಳ ಹಿಂದೆ ಹೀಗೆ ಸುತ್ತುವುದಕ್ಕೆ ದಾರಿ ಇರಲಿಲ್ಲ. ಒಂದು ಕಡೆ ಟಾಸ್ಮೇನಿಯದ ಬಳಿ ಆಸ್ಟ್ರೇಲಿಯ ಅಂಟಿಕೊಂಡಿತ್ತು. ಇನ್ನೊಂದು ಕಡೆ ದಕ್ಷಿಣ ಅಮೆರಿಕದ ತುದಿ ಕೂಡಿಕೊಂಡಿತ್ತು. ಆದುದರಿಂದ ಉತ್ತರದ ಬೆಚ್ಚನೆಯ ನೀರು ಈ ಖಂಡಗಳ ಅಂಚನ್ನು ಹಿಡಿದು ದಕ್ಷಿಣಕ್ಕೆ ಇಳಿಯುವುದಕ್ಕೆ ಅವಕಾಶವಿತ್ತು. ಕಾಲಕ್ರಮದಲ್ಲಿ ಆಸ್ಟ್ರೇಲಿಯ ಉತ್ತರಕ್ಕೆ ಸರಿಯಿತು. ನಡುವಣ ನೆಲ ಮುಳುಗಿ ಟಾಸ್ಮೇನಿಯದ ಬಾಗಿಲು ತೆರೆಯಿತು. ಸುಮಾರು ಮೂರೂವರೆ ಕೋಟಿ ವರ್ಷಗಳ ಹಿಂದೆ ಅದು ಆಳವಾಯಿತು. ದಕ್ಷಿಣ ಅಮೆರಿಕದ ತುದಿಯೂ ಬೇರ್ಪಟ್ಟು ಡ್ರೇಕ್ ಜಲಸಂಧಿ ಉಂಟಾಯಿತು. ಇಂದು ಅದರ ಅಗಲ ಸುಮಾರು ೮೦೦ ಕಿಲೋಮೀಟರು.

ಎರಡು ಬಾಗಿಲೂ ತೆರೆದ ಮೇಲೆ, ಆ ಅಕ್ಷಾಂಶಗಳಲ್ಲಿ ಸದಾ ಬೀಸುವ ಪಡುಗಾಳಿ ನೀರನ್ನು ತಡೆಯಿಲ್ಲದೆ ಪೂರ್ವಕ್ಕೆ ತಳ್ಳತೊಡಗಿತು. ಹುಟ್ಟಿದ್ದು ಲೋಕದ ಅತ್ಯಂತ ಬಲಿಷ್ಠವಾದ ಪ್ರವಾಹ. ಜಗತ್ತಿನ ನದಿಗಳೆಲ್ಲ ಸೇರಿ ಸೆಕೆಂಡಿಗೆ ಸುಮಾರು ೧೨ ಲಕ್ಷ ಘನಮೀಟರು ನೀರನ್ನು ಸಮುದ್ರಕ್ಕೆ ಹರಿಸುತ್ತವೆ. ಈ ಒಂದು ಪ್ರವಾಹ ಸೆಕೆಂಡಿಗೆ ೧೩ ಕೋಟಿ ಘನಮೀಟರಿಗೂ ಹೆಚ್ಚು ನೀರನ್ನು ಸಾಗಿಸುತ್ತದೆ. ನೂರು ಪಟ್ಟಿಗೂ ಮೀರಿತು. ಸಮುದ್ರದ ಮೇಲ್ಮೈಯಿಂದ ಹಿಡಿದು ತಳದವರೆಗೂ ಅದರ ಹರಿವು ಮುಟ್ಟಿದೆ. ಶಬ್ದಾರ್ಥದ ಗೀಳುಳ್ಳ ನನ್ನಂಥವನಿಗೆ ಇಲ್ಲೊಂದು ವಿಶೇಷ ಕಂಡಿತು. ಪ್ರದಕ್ಷಿಣೆ ಎಂದರೆ ದೇವರನ್ನು ಬಲಗಡೆ ಇಟ್ಟುಕೊಂಡು ಸುತ್ತುವುದು. ‘ದಕ್ಷಿಣ’ವೆಂದರೆ ಬಲಗಡೆಯೂ ಹೌದು, ತೆಂಕಣ ದಿಕ್ಕೂ ಹೌದು, ಪೂರ್ವಕ್ಕೆ ಮುಖ ಮಾಡಿ ನಿಂತವನಿಗೆ ಎರಡೂ ಒಂದೇ ಆದುದರಿಂದ. ಈ ಪ್ರವಾಹವೂ ಪೂರ್ವಕ್ಕೆ ಮುಖಮಾಡಿ, ಅಂಟಾರ್ಕ್ಟಿಕವನ್ನು ಬಲಗಡೆಗೆ ಇಟ್ಟುಕೊಂಡೇ ಸುತ್ತುತ್ತದೆ. ಅಕ್ಷರಶಃ ಪ್ರದಕ್ಷಿಣೆ.

ಈ ಪ್ರದಕ್ಷಿಣೆಯ ಫಲವಾಗಿ ಉತ್ತರದ ಬೆಚ್ಚನೆಯ ಮೇಲುನೀರಿಗೆ ಬೇಲಿ ಕಟ್ಟಿದಂತಾಯಿತು. ಸಮುದ್ರದ ಬಾಗಿಲು ತೆರೆದದ್ದರಿಂದಲೇ ಶಾಖಕ್ಕೆ ಬಾಗಿಲು ಮುಚ್ಚಿತು. ಹೀಗೆ ಒಂಟಿಯಾದ ಖಂಡ ತಣ್ಣಗಾಗಿ ಹಿಮ ನಿಂತಿತು. ಈ ವಾದವನ್ನು ೧೯೭೦ರ ದಶಕದಲ್ಲಿ ಖಚಿತವಾಗಿ ಮಂಡಿಸಿದವರು ನ್ಯೂಜಿಲೆಂಡಿನಲ್ಲಿ ಹುಟ್ಟಿದ ಜೇಮ್ಸ್ ಕೆನೆಟ್. ೧೯೭೩ರಲ್ಲಿ ಗ್ಲೋಮರ್ ಚಾಲೆಂಜರ್ ಎಂಬ ಕೊರೆಯುವ ಹಡಗು ದಕ್ಷಿಣ ಸಮುದ್ರದ ತಳದಿಂದ ಮಣ್ಣಿನ ಕಂಬಗಳನ್ನು ಎತ್ತಿತು. ಅವುಗಳಲ್ಲಿ ರಾಗಿಕಾಳಿಗಿಂತ ಸಣ್ಣವಾದ ಸುಣ್ಣದ ಚಿಪ್ಪುಗಳು ಪದರಪದರವಾಗಿ ಇದ್ದುವು. ಕೇಂಬ್ರಿಜಿನ ನಿಕೊಲಸ್ ಶಾಕಲ್ಟನ್ ಅವರು ಕೆನೆಟರೊಡನೆ ಕೂಡಿ ಆ ಚಿಪ್ಪುಗಳನ್ನು ಪರೀಕ್ಷಿಸಿ ೧೯೭೫ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು.

ಚಿಪ್ಪಿನಿಂದ ಹವೆ ತಿಳಿಯುವುದು ಹೇಗೆ? ನೀರಿನ ಆಮ್ಲಜನಕದಲ್ಲಿ ಹಗುರವಾದ ಬಗೆಯೊಂದು, ಭಾರವಾದ ಬಗೆಯೊಂದು ಉಂಟು. ಹಗುರವಾದದ್ದು ಸುಲಭವಾಗಿ ಆವಿಯಾಗುತ್ತದೆ; ಅದು ಹಿಮವಾಗಿ ನೆಲದ ಮೇಲೆ ಬಿದ್ದು ಅಲ್ಲೇ ನಿಂತರೆ ಸಮುದ್ರದಲ್ಲಿ ಭಾರದ ಬಗೆಯ ಪ್ರಮಾಣ ಹೆಚ್ಚುತ್ತದೆ. ನೀರು ತಣ್ಣಗಾದರೂ ಚಿಪ್ಪಿನಲ್ಲಿ ಭಾರದ ಬಗೆ ಹೆಚ್ಚು ಸೇರುತ್ತದೆ. ಆದುದರಿಂದ ಚಿಪ್ಪು ಎಂಬುದು ತನ್ನ ಕಾಲದ ಕಡಲಿನ ಚಳಿಯನ್ನೂ ನೆಲದ ಮೇಲಿನ ಹಿಮವನ್ನೂ ಬರೆದಿಟ್ಟ ಶಾಸನ. ಆ ಶಾಸನದಲ್ಲಿ ೩ ಕೋಟಿ ೪೦ ಲಕ್ಷ ವರ್ಷಗಳ ಹಿಂದಿನ ಪದರಕ್ಕೆ ಬಂದಾಗ ಅಂಕಿಗಳು ಥಟ್ಟನೆ ಏರಿದ್ದುವು. ಬಾಗಿಲು ತೆರೆದ ಕಾಲವೂ ಹಿಮ ಬಿದ್ದ ಕಾಲವೂ ತಾಳೆಬಿದ್ದಂತಾಯಿತು.

ಕಾಲು ಶತಮಾನ ಬಹುಮಂದಿ ಇದನ್ನೇ ಒಪ್ಪಿದ್ದರು. ಬಳಿಕ ಆಕ್ಷೇಪಗಳು ಎದ್ದುವು. ಡ್ರೇಕ್ ಜಲಸಂಧಿ ತೆರೆದದ್ದು ನಿಜವಾಗಿ ಯಾವಾಗ? ೨೦೦೬ರಲ್ಲಿ ಇಬ್ಬರು ಸಂಶೋಧಕರು ಹಳೆಯ ಮೀನಿನ ಹಲ್ಲುಗಳಲ್ಲಿದ್ದ ಲೋಹದ ಗುರುತನ್ನು ಹಿಡಿದು, ೪ ಕೋಟಿ ೧೦ ಲಕ್ಷ ವರ್ಷಗಳ ಹಿಂದೆಯೇ ಅಲ್ಲಿ ಶಾಂತಸಾಗರದ ನೀರು ನುಸುಳಿತ್ತೆಂದರು. ಬೇರೆಯವರು ಆಳವಾದ ದಾರಿ ತೆರೆದದ್ದು ಹಿಮ ಬಿದ್ದ ಎಷ್ಟೋ ಕಾಲದ ಮೇಲೆ ಎಂದರು. ಬಾಗಿಲಿನ ಕಾಲವೇ ಗಟ್ಟಿಯಾಗದಿದ್ದರೆ ಹಿಮಕ್ಕೆ ಅದನ್ನೇ ಕಾರಣವೆಂದು ಹೇಳುವುದು ಹೇಗೆ?

ಅಷ್ಟರಲ್ಲಿ, ೨೦೦೩ರಲ್ಲಿ, ಅಮೆರಿಕದ ಡಿಕಾಂಟೊ ಮತ್ತು ಪೊಲಾರ್ಡ್ ಎಂಬಿಬ್ಬರು ಗಣಕಯಂತ್ರದಲ್ಲಿ ಪ್ರಾಚೀನ ಭೂಮಿಯ ಲೆಕ್ಕವನ್ನು ಕಟ್ಟಿನೋಡಿದ್ದರು. ಜಲಸಂಧಿಯನ್ನು ತೆರೆದು, ಮುಚ್ಚಿ, ಎರಡು ಬಗೆಯಲ್ಲಿಯೂ ಲೆಕ್ಕ ಹಾಕಿದರು. ಬಾಗಿಲಿಗಿಂತ ದೊಡ್ಡ ಕಾರಣ ಗಾಳಿಯಲ್ಲಿಯೇ ಇತ್ತೆಂಬುದು ಅವರ ನಿರ್ಣಯ. ವಾಯುಮಂಡಲದ ಇಂಗಾಲಾಮ್ಲ ವಾಯು, ಎಂದರೆ ಈಗಿನ ಪಠ್ಯಪುಸ್ತಕಗಳ ಇಂಗಾಲದ ಡೈಆಕ್ಸೈಡು, ಭೂಮಿಗೆ ಹೊದಿಸಿದ ಕಂಬಳಿಯಂತೆ ಶಾಖವನ್ನು ಹಿಡಿದಿಡುತ್ತದೆ. ಆ ಕಂಬಳಿ ಒಂದು ಮಿತಿಗಿಂತ ತೆಳುವಾದಾಗ ಖಂಡದ ಎತ್ತರದ ಬೆಟ್ಟಗಳಲ್ಲಿ ಬೇಸಿಗೆಯಲ್ಲಿಯೂ ಹಿಮ ಕರಗದೆ ಉಳಿಯುತ್ತದೆ; ಉಳಿದ ಹಿಮ ಬಿಸಿಲನ್ನು ಹಿಂದಕ್ಕೆ ಎರಚಿ ಇನ್ನಷ್ಟು ಚಳಿ ತರುತ್ತದೆ. ೨೦೦೯ರಲ್ಲಿ ಟಾಂಜಾನಿಯಾ ದೇಶದ ಜೇಡಿಮಣ್ಣಿನಿಂದ ತೆಗೆದ ಚಿಪ್ಪುಗಳ ಪರೀಕ್ಷೆಯಲ್ಲಿ, ಹಿಮ ಬಿದ್ದ ಕಾಲದಲ್ಲಿ ಆ ವಾಯುವಿನ ಪ್ರಮಾಣ ತಗ್ಗಿದ್ದು ಕಂಡುಬಂತು. ಮಿತಿಯು ವಾಯುವಿನ ಹತ್ತು ಲಕ್ಷ ಪಾಲಿನಲ್ಲಿ ೭೫೦ರ ಆಸುಪಾಸಿನಲ್ಲಿತ್ತೆಂದು ತಿಳಿಯಿತು. ಭಾರತ ಬಂದು ಏಷ್ಯಕ್ಕೆ ಢಿಕ್ಕಿ ಹೊಡೆದು ಹಿಮಾಲಯವೆದ್ದಾಗ, ಅದರ ಬಂಡೆಗಳು ಸವೆಯುತ್ತ ಈ ವಾಯುವನ್ನು ಹೀರಿಕೊಂಡುವೆಂದು ಕೆಲವರ ಮತ; ಅದಕ್ಕೆ ಒಪ್ಪದವರೂ ಉಂಟು.

ಈಗ ವಿದ್ವಾಂಸರಲ್ಲಿ ಬಹುಮಂದಿಯ ಅಭಿಪ್ರಾಯ ಎರಡನ್ನೂ ಕೂಡಿಸುತ್ತದೆ. ಒಲೆಯ ಉರಿ ತಗ್ಗಿದ್ದು ಮುಖ್ಯ ಕಾರಣ; ನೀರಿನ ದಾರಿ ಬದಲಾದದ್ದು ಅದಕ್ಕೆ ಸಹಾಯಕ. ಪ್ರದಕ್ಷಿಣ ಪ್ರವಾಹಕ್ಕೆ ಪೂರ್ಣ ಬಲ ಬಂದದ್ದು ಹಿಮ ಬಿದ್ದ ಬಹುಕಾಲದ ಅನಂತರ. ಬಂದ ಮೇಲೆ ಅದು ಹಿಮದ ಕಾವಲಾಗಿ ನಿಂತಿತು. ಕ್ರಾಲನಾಗಲಿ ಕೆನೆಟರಾಗಲಿ ಸೋತರೆಂದು ನಾನು ಭಾವಿಸಲಾರೆ. ಒಬ್ಬರು ಕಂಡದ್ದಕ್ಕೆ ಇನ್ನೊಬ್ಬರು ಕಂಡದ್ದು ಸೇರಿಯೇ ತಿಳಿವು ಬೆಳೆಯತಕ್ಕದ್ದು.

ಈ ಕಥೆ ಕೋಟಿವರ್ಷಗಳ ಹಿಂದಿನದೆಂದು ನಾವು ರೇಡಿಯೋದ ಹವಾವರ್ತಮಾನವನ್ನಷ್ಟೇ ಕೇಳಿ ಸುಮ್ಮನಿರುವಂತಿಲ್ಲ. ಕಾರ್ಖಾನೆಗಳ ಯುಗಕ್ಕೆ ಮುಂಚೆ ವಾಯುಮಂಡಲದ ಹತ್ತು ಲಕ್ಷ ಪಾಲಿನಲ್ಲಿ ಇಂಗಾಲಾಮ್ಲ ವಾಯು ಸುಮಾರು ೨೮೦ ಪಾಲಿತ್ತು. ೨೦೨೪ರಲ್ಲಿ ಅದು ೪೨೦ನ್ನು ಮೀರಿತ್ತು. ಹಿಂದಿನ ಕಾಡುಗಳು ಕೋಟ್ಯಂತರ ವರ್ಷಗಳಲ್ಲಿ ನೆಲದೊಳಗೆ ಕೂಡಿಟ್ಟ ಇದ್ದಲನ್ನು, ಆ ಜಿಹ್ವಾಪರ್ಣಿಯ ಕಾಲದ ಇದ್ದಲನ್ನೂ, ನಾವು ಎರಡು ಮೂರು ಶತಮಾನಗಳಲ್ಲಿ ಉರಿಸಿ ಕಂಬಳಿಯನ್ನು ದಪ್ಪಮಾಡುತ್ತಿದ್ದೇವೆ. ಇನ್ನೊಂದು ಸಂಗತಿ ನನ್ನ ಮನಸ್ಸನ್ನು ಹೆಚ್ಚು ಕಲಕಿತು. ಹಿಮಕ್ಕೆ ಕಾವಲಿರುವ ಪ್ರವಾಹದ ಆಳದಲ್ಲಿ ಸ್ವಲ್ಪ ಬೆಚ್ಚನೆಯ ನೀರಿದೆ. ಅಮುಂಡ್ಸೆನ್ ಸಮುದ್ರದಲ್ಲಿ ಆ ಆಳದ ನೀರು ದಡದತ್ತ ಏರಿಬಂದು, ಕಡಲಿಗೆ ಚಾಚಿದ ಪೈನ್ ಐಲೆಂಡ್ ಮತ್ತು ಥ್ವೈಟ್ಸ್ ಹಿಮನದಿಗಳ ಬುಡವನ್ನು ಕೆಳಗಿನಿಂದ ಕರಗಿಸುತ್ತಿದೆ. ಮಳೆಕಾಡಿನ ಬೇರು ಸಿಕ್ಕಿದ ಸಮುದ್ರವೂ ಅದೇ. ಮಂಗಳೂರು, ಕಾರವಾರಗಳ ಕಡಲದಂಡೆಯಲ್ಲಿ ಮನೆ ಮಾಡಿಕೊಂಡವರಿಗೆ ಆ ದೂರದ ಹಿಮನದಿಗಳು ಪರದೇಶದ ಸಮಾಚಾರವಲ್ಲ; ಅಲ್ಲಿ ಕರಗಿದ ನೀರು ಸೇರುವುದು ಇದೇ ಕಡಲಿಗೆ.

ತಿಂಗಳುಗಳ ಮೇಲೆ ತರಗತಿಯಲ್ಲಿ ಇಷ್ಟನ್ನೂ ಹೇಳಿ ಮುಗಿಸಿದೆ. ಆ ಹುಡುಗ ಸ್ವಲ್ಪ ಯೋಚಿಸಿ, “ಹಾಗಾದರೆ ಧ್ರುವ ಎಂಬ ಪದದ ಅರ್ಥ ತಪ್ಪಾಯಿತಲ್ಲವೇ ಸಾರ್?” ಎಂದ. ಪದದ ಅರ್ಥ ಸರಿಯಾಗಿಯೇ ಇದೆ, ಅಲ್ಲಿನ ಹಿಮಕ್ಕೂ ಆ ಅರ್ಥ ಸಲ್ಲುತ್ತದೆಂದು ನಾವು ನಂಬಿದ್ದೇ ತಪ್ಪು ಎಂದು ಹೇಳಿ ಕುಳ್ಳಿರಿಸಿದೆ.